ಮನೆ ನೀರಿನ ಎದುರಿಗೇ ಬೇಕೋ, ನೀರಿಗೆ ಹತ್ತಿರವಿದ್ದರೆ ಸಾಕೋ?

ನೀರಿನ ದಂಡೆಯ ಊರಲ್ಲಿ ಮನೆ ತೋರಿಸುವುದು ನನ್ನ ಕೆಲಸ. ಇಲ್ಲಿ ಮನೆಗಿಂತ ಕಿಟಕಿಯೇ ಜಾಸ್ತಿ ಮಾರಾಟವಾಗುತ್ತದೆ. ಬಂದವರು ಬಾಗಿಲು ದಾಟಿದ ಕೂಡಲೇ ನೇರ ಬಾಲ್ಕನಿಗೆ ಹೋಗುತ್ತಾರೆ. ನೀರು ಕಂಡಿತೋ, ಮುಗೀತು. ಅಡುಗೆಮನೆ ಎಷ್ಟು ಇಕ್ಕಟ್ಟು, ಗೋಡೆಯ ಬುಡದಲ್ಲಿ ಬಣ್ಣ ಯಾಕೆ ಉಬ್ಬಿದೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ನಾನೂ ಇಂಥ ಊರಲ್ಲೇ ಇರುವವನು, ಇಷ್ಟಪಟ್ಟು ಇರುವವನು. ಸಂಜೆ ಆಫೀಸಿಗೆ ಬೀಗ ಹಾಕಿ ದಂಡೆಯ ಉದ್ದಕ್ಕೂ ನಡೆದು ಮನೆಗೆ ಹೋಗುವ ಹೊತ್ತು ಇದೆಯಲ್ಲ, ಅದನ್ನು ಬಿಟ್ಟುಕೊಟ್ಟು ಬೇರೆ ಕಡೆ ಹೋಗುವ ಮನಸ್ಸು ನನಗಿಲ್ಲ. ಆದರೆ ಬಂದವರನ್ನು, ಉಳಿದವರನ್ನು, ಮಾರಿ ಹೋದವರನ್ನು ನೋಡುತ್ತಾ ಒಂದು ಮಾತು ಖಾತ್ರಿಯಾಗಿದೆ. ಇಲ್ಲಿ ನೆಮ್ಮದಿಯಾಗಿ ನೆಲೆ ನಿಂತವರು ದುಬಾರಿ ಕಿಟಕಿ ಕೊಂಡವರಲ್ಲ, ದಿನಾ ನೀರಿನ ಹತ್ತಿರ ಹೋಗುವವರು. ಎರಡೂ ಒಂದೇ ಅಲ್ವಾ ಅಂದರೆ, ಅಲ್ಲ. ಮೊದಲನೇ ಸಾಲಿನಲ್ಲಿ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಪರದೆ ಸರಿಸದವರಿದ್ದಾರೆ. ಹಿಂದಿನ ಬೀದಿಯಲ್ಲಿದ್ದು ದಿನಕ್ಕೆರಡು ಸಲ ದಂಡೆಗೆ ಬಂದು ಹೋಗುವವರೂ ಇದ್ದಾರೆ.

ಇದು ಕಮಿಷನ್ ತೆಗೆದುಕೊಳ್ಳುವವನ ಮಾತು ಅನ್ನುವುದು ನೆನಪಿರಲಿ. ಬೆಲೆ ಏರಿದಷ್ಟೂ ನನ್ನ ಪಾಲೂ ಏರುತ್ತದೆ. ಆದರೂ ಹೇಳುತ್ತೇನೆ: ಬಹಳ ಜನಕ್ಕೆ ಎರಡನೇ ಸಾಲಿನ, ಅಂದರೆ ಹಿಂದಿನ ಬೀದಿಯ ಮನೆಯೇ ಸರಿ. ಯಾಕೆ, ಯಾರಿಗೆ ಸರಿಯಲ್ಲ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಮೊದಲು, ಯಾವ ನೀರು?

ಕಡಲಿನ ಊರು, ಸರೋವರದ ಊರು, ಹೊಳೆಯ ಊರು, ಅಳಿವೆ (ಹೊಳೆ ಕಡಲು ಸೇರುವ ಜಾಗ) ಅಥವಾ ಹಿನ್ನೀರಿನ ಊರು. ಫೋಟೋದಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ: ನೀಲಿ ನೀರು, ಒಂದು ದೋಣಿ, ಸಂಜೆಯ ಬೆಳಕು. ಸಂಸಾರ ಹೂಡಲು ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಕಡಲು ಸುಮ್ಮನಿರುವ ನೀರಲ್ಲ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಸಂಜೆ 5ಕ್ಕೆ ತುಂಬಿದ್ದ ನೀರು ನಾಳೆ ತುಂಬುವುದು ಸುಮಾರು 50 ನಿಮಿಷ ತಡವಾಗಿ. ಒಂದು ವಾರ ಬಿಟ್ಟು ಅದೇ 5 ಗಂಟೆಗೆ ಬನ್ನಿ, ನೀರು ಇಳಿದು ಹೋಗಿರುತ್ತದೆ. ಬುದ್ಧಿವಂತ ಏಜೆಂಟ್ ಮನೆ ತೋರಿಸುವುದು ಉಬ್ಬರದ ಹೊತ್ತಿಗೆ. ಇಳಿತದಲ್ಲಿ ಅದೇ ಬಾಲ್ಕನಿಯ ಎದುರು ಕೆಸರು ಬಯಲು, ಕೊಳೆತ ಪಾಚಿಯ ವಾಸನೆ ಇರಬಹುದು. ಇದು ಊರಿಂದ ಊರಿಗೆ ಬಹಳ ಬದಲಾಗುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರ 16 ಮೀಟರ್‌ವರೆಗೂ ಹೋಗುತ್ತದೆ. ಮೆಡಿಟರೇನಿಯನ್ ತೀರದ ಬಹುಪಾಲು ಕಡೆ ಅದು ಅರ್ಧ ಮೀಟರ್ ಕೂಡ ಇರುವುದಿಲ್ಲ. ಮನೆ ನೋಡುವ ಮುಂಚೆ ಆ ಊರಿನ ಉಬ್ಬರ-ಇಳಿತದ ಪಟ್ಟಿ ತೆಗೆದು ನೋಡಿ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ ನೀರು ಅತಿ ಮೇಲಕ್ಕೂ ಅತಿ ಕೆಳಕ್ಕೂ ಹೋಗುತ್ತದೆ. ಆ ದಿನಗಳಲ್ಲೇ ಹೋಗಿ, ಎರಡೂ ಹೊತ್ತು ನೋಡಿ.

ಕಡಲು ಕೊಡುವುದೂ ಹಾಗೇ ಧಾರಾಳ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಅದಕ್ಕೇ ಮಧ್ಯಾಹ್ನದ ಹೊತ್ತಿಗೆ ನೀರಿನ ಕಡೆಯಿಂದ ತಂಪು ಗಾಳಿ ಬೀಸಲು ಶುರುವಾಗುತ್ತದೆ. ರಾತ್ರಿ ದಿಕ್ಕು ತಿರುಗುತ್ತದೆ. ಈ ಗಾಳಿಗೆ ಒಗ್ಗಿಕೊಂಡವರಿಗೆ ಒಳನಾಡಿನ ಬೇಸಿಗೆ ಅಂದರೆ ಆಗುವುದಿಲ್ಲ.

ಇನ್ನು ಕೊರೆತ. ದಂಡೆ ಅನ್ನುವುದು ಗೆರೆ ಎಳೆದಿಟ್ಟ ಜಾಗವಲ್ಲ, ಅದು ಸರಿಯುತ್ತದೆ. ಇಂಗ್ಲೆಂಡಿನ ಡೆವನ್ ತೀರದಲ್ಲಿ ಹಾಲ್‌ಸ್ಯಾಂಡ್ಸ್ ಅಂತ ಒಂದು ಮೀನುಗಾರರ ಹಳ್ಳಿ ಇತ್ತು. 1890ರ ದಶಕದಲ್ಲಿ ಹತ್ತಿರದ ನೌಕಾ ಹಡಗುಕಟ್ಟೆಯ ಕಾಮಗಾರಿಗೆ ಅದರ ಎದುರಿನ ಸಮುದ್ರತಳದಿಂದ ಜಲ್ಲಿ ತೆಗೆದರು. ಹಳ್ಳಿಯ ಮುಂದಿನ ದಂಡೆ ತಗ್ಗಿತು. 1917ರ ಜನವರಿಯ ಬಿರುಗಾಳಿಯಲ್ಲಿ ಮನೆಗಳು ಸಮುದ್ರದ ಪಾಲಾದವು. ಅಮೆರಿಕದ ಕೇಪ್ ಹ್ಯಾಟರಸ್ ದೀಪಸ್ತಂಭವನ್ನು ಕಟ್ಟಿ ಮುಗಿಸಿದ್ದು 1870ರಲ್ಲಿ. ಅಲೆಗಳು ಬುಡದ ಹತ್ತಿರಕ್ಕೇ ಬಂದಾಗ, 1999ರಲ್ಲಿ ಇಡೀ ಸ್ತಂಭವನ್ನೇ ಎತ್ತಿ 800 ಮೀಟರಿಗೂ ಹೆಚ್ಚು ದೂರ ಸರಿಸಿದರು. ದೀಪಸ್ತಂಭಕ್ಕೆ ಸರ್ಕಾರ ದುಡ್ಡು ಹಾಕಿತು. ನಿಮ್ಮ ಮನೆಗೆ ಯಾರು ಹಾಕುತ್ತಾರೆ? 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ, ಏರುವ ವೇಗವೂ ಹೆಚ್ಚುತ್ತಿದೆ. ಹಾಗಂತ ಕಡಲಿನ ಊರೇ ಬೇಡ ಅನ್ನಬೇಕಿಲ್ಲ. ಹಳೆಯ ಸರ್ವೆ ನಕ್ಷೆ, ಹಳೆಯ ಉಪಗ್ರಹ ಚಿತ್ರ, ಇವತ್ತಿನ ಚಿತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ದಂಡೆ ಎತ್ತ ಸರಿದಿದೆ ನೋಡಿ. ಅರ್ಧ ದಿನದ ಕೆಲಸ. ಇದನ್ನು ಮಾಡುವ ಗಿರಾಕಿ ನನಗೆ ಅಪರೂಪಕ್ಕೆ ಸಿಗುತ್ತಾರೆ.

ಸರೋವರದ ಊರು ಸ್ವಭಾವದಲ್ಲಿ ಶಾಂತ. ಉಪ್ಪಿಲ್ಲ, ದೊಡ್ಡ ಉಬ್ಬರವಿಲ್ಲ. ಮಕ್ಕಳಿಗೆ ಈಜು ಕಲಿಸಬೇಕು, ಸಣ್ಣ ದೋಣಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಸರೋವರವನ್ನೇ. ಆದರೆ ನೀರಿನ ಮಟ್ಟ ಯಾರ ಕೈಯಲ್ಲಿದೆ ಅಂತ ಕೇಳಿ. ಹಲವು ಸರೋವರಗಳಿಗೆ ಹೊರಹರಿವಿನ ಕಡೆ ಅಣೆಕಟ್ಟು, ಬಾಗಿಲು ಇರುತ್ತವೆ. ಇದ್ದರೂ ಎಲ್ಲವೂ ಹತೋಟಿಯಲ್ಲಿರುವುದಿಲ್ಲ. ಉತ್ತರ ಅಮೆರಿಕದ ಒಂಟಾರಿಯೋ ಸರೋವರದ ನೀರು 2017ರಲ್ಲಿ, ಮತ್ತೆ 2019ರಲ್ಲಿ ವಿಪರೀತ ಏರಿ ದಂಡೆಯ ಮನೆಗಳಿಗೆ ನುಗ್ಗಿತು. ಇಳಿದರೂ ಕಷ್ಟವೇ. ದೋಣಿಕಟ್ಟೆ ಒಣನೆಲದ ಮೇಲೆ ನಿಂತಿರುತ್ತದೆ. ಮಧ್ಯ ಏಷ್ಯಾದ ಅರಾಲ್ ಸಮುದ್ರ ಹೆಸರಿಗೆ ಸಮುದ್ರ, ನಿಜಕ್ಕೆ ಸರೋವರ. ಅದರ ದಂಡೆಯ ಮೊಯ್ನಾಕ್ ಊರು ಒಂದು ಕಾಲದಲ್ಲಿ ಬಂದರು. ಸರೋವರಕ್ಕೆ ಬರುತ್ತಿದ್ದ ನದಿಗಳನ್ನು ಹತ್ತಿ ಬೆಳೆಗೆ ತಿರುಗಿಸಿದ ಮೇಲೆ ನೀರು ಹತ್ತಾರು ಕಿಲೋಮೀಟರ್ ದೂರ ಹೋಯಿತು, ಹಡಗುಗಳು ಮರಳಿನ ಮೇಲೆ ಉಳಿದವು.

ಸರೋವರದ ಇನ್ನೊಂದು ಸಂಗತಿ ಪಾಚಿ. ಗೊಬ್ಬರ, ಚರಂಡಿ ನೀರು ಸೇರಿದ ನಿಂತ ನೀರು ಬೇಸಿಗೆಯಲ್ಲಿ ಹಸಿರಾಗುತ್ತದೆ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ವಿಷಪಾಚಿಯಿಂದಾಗಿ ಅಮೆರಿಕದ ಟೊಲಿಡೋ ನಗರದ ಸುತ್ತ ಸುಮಾರು 4 ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಹಾಗಾಗಿ ಸರೋವರದ ಮನೆಯನ್ನು ತಣ್ಣಗಿನ ತಿಂಗಳಲ್ಲಿ ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ. ಶಬ್ದದ ಬಗ್ಗೆಯೂ ಒಂದು ಮಾತು. ಸಂಜೆ ನೀರಿನ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿದ್ದರೆ ಶಬ್ದ ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗುತ್ತದೆ. ಆಚೆ ದಡದ ಹಾಡು, ಜಗಳ ಎರಡೂ ನಿಮ್ಮ ಜಗಲಿಗೆ ಬರುತ್ತವೆ.

ಹೊಳೆಯ ಊರಿನ ಸೊಗಸು ಬೇರೆ. ಹೊಳೆಗೆ ಎರಡು ದಡ, ನಡುವೆ ಸೇತುವೆ, ಎದುರು ಮನೆಯವರ ದೀಪ. ಊರು ನೀರಿಗೆ ಮುಖ ಮಾಡಿ ಬೆಳೆದಿರುತ್ತದೆ. ಒಂಟಿತನ ಕಾಡುವುದು ಕಡಿಮೆ. ಹೊಳೆಯ ಮನೆಗೆ ನಾನು ಕೊಡುವ ಮೊದಲ ಸಲಹೆ ಇಷ್ಟೇ: ತಿರುವಿನ ಒಳಬದಿ ಯಾವುದು, ಹೊರಬದಿ ಯಾವುದು ನೋಡಿ. ಹೊಳೆ ಬಾಗುವಲ್ಲಿ ಹೊರಬದಿಯಲ್ಲಿ ನೀರು ಜೋರು, ಅಲ್ಲಿ ದಡ ಕೊರೆಯುತ್ತದೆ. ಒಳಬದಿಯಲ್ಲಿ ಹೂಳು ಬಿಡುತ್ತದೆ. ಹೊರಬದಿಯಲ್ಲಿ ನೋಟ ಚೆಂದ, ದೋಣಿಗೆ ಆಳವೂ ಇರುತ್ತದೆ, ಆದರೆ ಹಿತ್ತಲು ವರ್ಷವರ್ಷ ಕಿರಿದಾಗುತ್ತದೆ. ಒಳಬದಿ ಕೊರೆಯುವುದಿಲ್ಲ ನಿಜ, ಆದರೆ ತಗ್ಗು, ನೆರೆ ಬಂದರೆ ಮೊದಲು ಅಲ್ಲಿಗೇ ಬರುತ್ತದೆ.

ನೆರೆಯ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. “ಇದು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಗೆರೆ” ಅಂದರೆ, ಓಹ್, ಕಳೆದ ಸಲ ಬಂದಾಯಿತು, ಇನ್ನು ನಮ್ಮ ಕಾಲಕ್ಕಿಲ್ಲ ಅಂತ ನಿಶ್ಚಿಂತರಾಗುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ 1ರಷ್ಟು ಸಂಭವ ಇದೆ ಅಂತ. 30 ವರ್ಷದ ಸಾಲ ತೀರುವಷ್ಟರಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. ನಾಲ್ಕರಲ್ಲಿ ಒಂದು ಪಾಲು. ಈ ಲೆಕ್ಕ ಕೇಳಿ ಮುಖ ಬದಲಾದವರನ್ನು ನೋಡಿದ್ದೇನೆ. ಮನೆ ಎತ್ತರದಲ್ಲಿದ್ದರೆ ಸಾಲದು, ಮನೆಗೆ ಬರುವ ರಸ್ತೆಯೂ ಎತ್ತರದಲ್ಲಿರಬೇಕು. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೂ ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು.

ಅಳಿವೆ, ಹಿನ್ನೀರಿನ ಊರುಗಳಿಗೆ ನನ್ನ ಮನಸ್ಸಿನಲ್ಲಿ ವಿಶೇಷ ಜಾಗ ಇದೆ. ಹಕ್ಕಿಗಳು ಅಲ್ಲಿಯಷ್ಟು ಬೇರೆಲ್ಲೂ ಇಲ್ಲ, ಬೆಳಗಿನ ನೀರು ಕನ್ನಡಿ. ಸೊಳ್ಳೆಯೂ ಅಷ್ಟೇ. ಬೆಚ್ಚಗಿನ ಹವೆಯಲ್ಲಿ ನಿಂತ ನೀರಿನ ಮೊಟ್ಟೆ ಒಂದೂವರೆ ವಾರದೊಳಗೆ ಹಾರುವ ಸೊಳ್ಳೆಯಾಗುತ್ತದೆ. ಅಳಿವೆಯಲ್ಲಿ ಮೇಲಿನಿಂದ ಮಳೆ ನೀರು ಇಳಿದು ಬರುವ ಹೊತ್ತಿಗೇ ಕೆಳಗಿನಿಂದ ಉಬ್ಬರ ಬಂದರೆ ನೀರಿಗೆ ಹೊರಹೋಗಲು ದಾರಿ ಇಲ್ಲ. ಬಿರುಗಾಳಿ ಸಮುದ್ರವನ್ನು ಒಳಕ್ಕೆ ತಳ್ಳಿದರೂ ಅದೇ ಪಾಡು. ವೆನಿಸ್ ನಗರ ಹಿನ್ನೀರಿನ ನಡುವೆ ಇದೆ. 1966ರ ನವೆಂಬರ್ 4ರಂದು ಅಲ್ಲಿ ನೀರು ಮಾಮೂಲಿ ಅಳತೆ ಗುರುತಿಗಿಂತ 194 ಸೆಂಟಿಮೀಟರ್ ಮೇಲೆ ಬಂತು. ಆ ನೀರನ್ನು ತಡೆಯುವ ಬಾಗಿಲುಗಳು ಮೊದಲ ಸಲ ನಿಜವಾದ ಉಬ್ಬರಕ್ಕೆ ಎದ್ದು ನಿಂತದ್ದು 2020ರಲ್ಲಿ. ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೋಯಿತು. “ತಡೆಗೋಡೆ ಬರುತ್ತದೆ, ಮಂಜೂರಾಗಿದೆ” ಅನ್ನುವ ಏಜೆಂಟರ ಮಾತು ಕೇಳುವಾಗ ಇದು ತಲೆಯಲ್ಲಿರಲಿ.

ಆಮೇಲೆ, ಯಾವ ಸಾಲು?

ನನ್ನ ಮಟ್ಟಿಗೆ ನಿಜವಾದ ಆಯ್ಕೆ ಇರುವುದು ಇಲ್ಲೇ. ಒಂದೇ ಊರಲ್ಲಿ ಮೂರು ಥರದ ಮನೆ: ನೀರಿಗೆ ಮುಖ ಮಾಡಿದ ಮೊದಲ ಸಾಲು, ಅದರ ಹಿಂದಿನ ಒಂದೆರಡು ಬೀದಿ, ಮೇಲೆ ಗುಡ್ಡದ ಮನೆ.

ಮೊದಲ ಸಾಲಿನ ಮನೆಯಲ್ಲಿ ಬೆಳಗ್ಗೆ ಕಣ್ಣು ಬಿಟ್ಟರೆ ನೀರು. ಅದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಹಾಸಿಗೆ ಹಿಡಿದವರಿಗೆ, ಹೊರಗೆ ಓಡಾಡಲು ಆಗದ ಹಿರಿಯರಿಗೆ, ಮನೆಯಿಂದಲೇ ಕೆಲಸ ಮಾಡುತ್ತಾ ದಿನವಿಡೀ ಒಂದೇ ಕುರ್ಚಿಯಲ್ಲಿ ಕೂರುವವರಿಗೆ ಕಿಟಕಿಯೇ ಜಗತ್ತು. ಅಂಥವರು ದುಡ್ಡಿದ್ದರೆ ಮೊದಲ ಸಾಲನ್ನೇ ತೆಗೆದುಕೊಳ್ಳಲಿ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಉಳಿದವರು ಖರ್ಚು ನೋಡಬೇಕು. ಕಡಲಿನ ಎದುರಿನ ಮನೆಗೆ ಉಪ್ಪು ದಿನಾ ಬಂದು ಹೋಗುವ ನೆಂಟ. ಗಾಳಿಯಲ್ಲಿ ಬಂದ ಉಪ್ಪು ಗೋಡೆಯ ಬಿರುಕಲ್ಲಿ ಇಳಿದು ಕಾಂಕ್ರೀಟಿನ ಒಳಗಿನ ಕಂಬಿ ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದರೆ ಊದುತ್ತದೆ, ಏಕೆಂದರೆ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು. ಊದಿದ ಕಂಬಿ ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ. ಬಾಲ್ಕನಿಯ ತಳಭಾಗ ಕತ್ತೆತ್ತಿ ನೋಡಿ. ಕಂದು ಗೆರೆ, ಉದುರಿದ ಚಕ್ಕೆ, ಹೊಸದಾಗಿ ಮೆತ್ತಿದ ಸಿಮೆಂಟ್ ಪಟ್ಟಿ ಕಂಡರೆ ಬೆಲೆಯ ಮಾತು ಅಲ್ಲೇ ನಿಲ್ಲಿಸಿ, ಕಟ್ಟಡ ಪರೀಕ್ಷೆ ಮಾಡುವ ಎಂಜಿನಿಯರನ್ನು ಕರೆಸಿ. ಬಾಗಿಲ ಕೀಲು, ಗ್ರಿಲ್, ಎಸಿಯ ಹೊರಗಿನ ಪೆಟ್ಟಿಗೆ ಎಲ್ಲವೂ ಬೇಗ ಹೋಗುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ದೇವೆ ಅಂತ ಮಾರುವವರು ಹೇಳುತ್ತಾರೆ. ಯಾವ ದರ್ಜೆ ಅಂತ ಕೇಳಿ. ಸಾಮಾನ್ಯ 304 ದರ್ಜೆಗೂ ಉಪ್ಪುಗಾಳಿಯಲ್ಲಿ ಕಲೆ ಬೀಳುತ್ತದೆ. ಮಾಲಿಬ್ಡಿನಂ ಅನ್ನುವ ಲೋಹ ಸೇರಿದ 316 ದರ್ಜೆ ತಡೆದುಕೊಳ್ಳುತ್ತದೆ, ಅದೂ ಆಗಾಗ ಸಿಹಿನೀರಲ್ಲಿ ತೊಳೆದರೆ ಮಾತ್ರ ಚೆನ್ನಾಗಿರುತ್ತದೆ.

ಬಿಸಿಲಿನ ಲೆಕ್ಕವೂ ಇದೆ. ಸೂರ್ಯ ನೆತ್ತಿಯ ಮೇಲಿದ್ದಾಗ ನೀರು ನೂರಕ್ಕೆ 2ರಷ್ಟು ಬೆಳಕನ್ನಷ್ಟೇ ವಾಪಸು ಕಳಿಸುತ್ತದೆ. ಸೂರ್ಯ ಇಳಿದಂತೆ ಅದು ಏರುತ್ತಾ ಹೋಗುತ್ತದೆ, ಮುಳುಗುವ ಹೊತ್ತಿಗೆ ನೀರೇ ಎರಡನೇ ಸೂರ್ಯ. ಪಶ್ಚಿಮಕ್ಕೆ ನೀರಿರುವ ಮನೆಗೆ ಮೇಲಿಂದ ಒಂದು ಬಿಸಿಲು, ಕೆಳಗಿಂದ ಒಂದು. ಸೂರ್ಯಾಸ್ತದ ಫೋಟೋ ನೋಡಿ ಕೊಂಡವರು ಆ ಹೊತ್ತಲ್ಲಿ ದಪ್ಪ ಪರದೆ ಎಳೆದು ಕೂರುವುದು ನಾನು ದಿನಾ ಕಾಣುವ ನೋಟ. ಪೂರ್ವಕ್ಕೆ ನೀರಿರುವ ಮನೆ ಜಾಹೀರಾತಿನಲ್ಲಿ ಸಪ್ಪೆ, ಬದುಕಲು ಸುಖ. ಬೆಳಗಿನ ಬೆಳಕು, ಮಧ್ಯಾಹ್ನದ ನಂತರ ನೆರಳು. ಒಂದೇ ಬೆಲೆಗೆ ಎರಡೂ ಸಿಕ್ಕರೆ ನಾನು ಪೂರ್ವವನ್ನೇ ಆರಿಸುತ್ತೇನೆ.

ಮತ್ತೆ ಜನ. ನೋಟ ಇರುವ ಕಡೆ ನೋಡಲು ಬರುವವರೂ ಇರುತ್ತಾರೆ. ಸೀಸನ್ನಿನಲ್ಲಿ ನಿಮ್ಮ ಗೇಟಿನ ಮುಂದೆ ಕಾರು, ಕಾಂಪೌಂಡಿನ ಮೇಲೆ ಕೂತು ಸೆಲ್ಫಿ. ಸೀಸನ್ ಮುಗಿದರೆ ಅದೇ ಸಾಲು ಕತ್ತಲು, ಏಕೆಂದರೆ ಮೊದಲ ಸಾಲಿನ ಮನೆಗಳಲ್ಲಿ ಬಹಳಷ್ಟು ರಜೆಗೆ ಬರುವವರದ್ದು. ಗದ್ದಲಕ್ಕಿಂತ ಈ ಖಾಲಿತನ ಜನರನ್ನು ಜಾಸ್ತಿ ಓಡಿಸುತ್ತದೆ.

ಈಗ ಎರಡನೇ ಸಾಲಿಗೆ ಬನ್ನಿ. ಮುಂದಿನ ಮನೆಗಳು ಗಾಳಿ ಒಡೆಯುತ್ತವೆ, ಹಾಗಾಗಿ ಗಿಡ ಬೆಳೆಯುತ್ತದೆ, ನೆರಳು ಇರುತ್ತದೆ, ಬಟ್ಟೆ ಒಣಹಾಕಬಹುದು. ವರ್ಷವಿಡೀ ಇರುವ ಜನ ಇಲ್ಲೇ ಇರುತ್ತಾರೆ: ಶಾಲೆಯ ಮೇಷ್ಟ್ರು, ದೋಣಿ ರಿಪೇರಿಯವರು, ಅಂಗಡಿಯವರು, ನರ್ಸ್. ಹುಷಾರು ತಪ್ಪಿದರೆ ಬಾಗಿಲು ತಟ್ಟಲು ಒಬ್ಬರು ಸಿಗುತ್ತಾರೆ. ನೀರು ಐದು ನಿಮಿಷದ ನಡಿಗೆ. ಮನೆಯಿಂದ ಕಾಣದಿದ್ದುದಕ್ಕೇ ನೀವು ಎದ್ದು ಹೋಗುತ್ತೀರಿ. ಹೋದಾಗ ನಾಲ್ಕು ಜನ ಸಿಗುತ್ತಾರೆ. ಆರು ತಿಂಗಳು ಕಳೆದರೆ ಆ ನಾಲ್ಕು ಜನ ಬರದಿದ್ದ ದಿನ ಯಾಕೆ ಬರಲಿಲ್ಲ ಅಂತ ವಿಚಾರಿಸುತ್ತೀರಿ. ದಂಡೆಯ ಊರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ದಂಡೆ ಅಂದರೆ ಊರಿನ ಹಜಾರ. ಸಾಹುಕಾರನೂ ಕೂಲಿಯವನೂ ಒಂದೇ ಕಲ್ಲುಬೆಂಚಿನ ಮೇಲೆ ಕೂತು ಒಂದೇ ಕಡೆ ನೋಡುತ್ತಿರುತ್ತಾರೆ. ಮಾತಾಡಲೇಬೇಕು ಅಂತಿಲ್ಲ.

ಎರಡನೇ ಸಾಲಿಗೂ ಎರಡು ಕೊರತೆ ಇವೆ. ಒಂದು, ಮನೆಗಳ ಸಂದಿಯಿಂದ ಇಣುಕುವ ನೋಟಕ್ಕೆ ಹೆಚ್ಚಿನ ಬೆಲೆ ಕೇಳುತ್ತಾರೆ. ಕೊಡಬೇಡಿ. ಮುಂದಿನವರು ಇನ್ನೊಂದು ಮಹಡಿ ಎಬ್ಬಿಸಿದರೆ ನೋಟ ಹೋಯಿತು. ಆ ಸಂದಿಯ ಸೈಟಿನಲ್ಲಿ ಎಷ್ಟು ಎತ್ತರ ಕಟ್ಟಬಹುದು ಅಂತ ಸ್ಥಳೀಯ ಕಚೇರಿಯಲ್ಲಿ ಕೇಳಿ, ಆಮೇಲೆ ನೋಟಕ್ಕೆ ಬೆಲೆ ಕಟ್ಟಿ. ಎರಡು, ದಾರಿ. ಹಲವು ದೇಶಗಳಲ್ಲಿ ಉಬ್ಬರದ ಗೆರೆಯ ಕೆಳಗಿನ ದಂಡೆ ಎಲ್ಲರ ಸ್ವತ್ತು. ಅಲ್ಲಿಗೆ ಹೋಗುವ ದಾರಿ ಎಲ್ಲರದ್ದಾಗಿರಬೇಕು ಅಂತೇನಿಲ್ಲ. ಮೊದಲ ಸಾಲಿನ ಮನೆಗಳ ನಡುವೆ ಇವತ್ತು ನೀವು ನಡೆದುಹೋದ ಓಣಿ ಖಾಸಗಿಯಾಗಿದ್ದರೆ ನಾಳೆ ಅಲ್ಲಿ ಗೇಟು ಬರಬಹುದು. ಆ ಓಣಿ ನಕ್ಷೆಯಲ್ಲಿ ಸಾರ್ವಜನಿಕ ದಾರಿ ಅಂತ ಇದೆಯಾ ನೋಡಿ. ಎರಡನೇ ಸಾಲಿನ ಮನೆಯ ನಿಜವಾದ ಬೆಲೆ ಇರುವುದು ಆ ಓಣಿಯಲ್ಲಿ. ಓಣಿ ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಸೆಖೆ, ತೇವ ಎರಡೂ ಇರುವ ಮಾಮೂಲಿ ಬೀದಿಯ ಮನೆ, ಅಷ್ಟೇ.

ಗುಡ್ಡದ ಮನೆಯ ನೋಟಕ್ಕೆ ಸಾಟಿಯಿಲ್ಲ. ಇಡೀ ಕೊಲ್ಲಿ, ದೋಣಿಗಳ ಸಾಲು, ದೂರದಲ್ಲಿ ಬರುವ ಮಳೆ. ನೆರೆಯ ಭಯವಿಲ್ಲ, ಉಪ್ಪಿನ ಕಾಟ ಕಡಿಮೆ. ಆದರೆ ನೀರು ಕ್ಯಾಲೆಂಡರಿನ ಚಿತ್ರವಾಗಿಬಿಡುತ್ತದೆ, ನೋಡುತ್ತೀರಿ, ಮುಟ್ಟುವುದಿಲ್ಲ. ಇಳಿಯುವಾಗ ಉತ್ಸಾಹ, ಹತ್ತುವಾಗ ನೆಪ. ಒಂದು ವರ್ಷ ಕಳೆದರೆ ದಂಡೆಗೆ ಹೋಗುವುದು ನೆಂಟರು ಬಂದಾಗ ಮಾತ್ರ. ನೋಡುವ ದಿನ ಕಾರಿನಲ್ಲಿ ಹೋಗಬೇಡಿ. ತುಂಬಿದ ಚೀಲ ಎರಡು ಕೈಯಲ್ಲಿ ಹಿಡಿದು ಕೆಳಗಿನಿಂದ ಮೆಟ್ಟಿಲು ಹತ್ತಿ. ಮನೆಯ ಹಿಂದಿನ ತಡೆಗೋಡೆಯನ್ನೂ ನೋಡಿ. ಮಣ್ಣಿನ ಹಿಂದೆ ನಿಂತ ಮಳೆನೀರು ಹೊರಬರಲು ಅದರಲ್ಲಿ ತೂತುಗಳು ಇರಬೇಕು. ತೂತು ಮುಚ್ಚಿಹೋಗಿದ್ದರೆ, ಗೋಡೆ ಮುಂದಕ್ಕೆ ಉಬ್ಬಿದ್ದರೆ, ನೋಟ ಎಷ್ಟೇ ಚೆಂದವಿರಲಿ, ಬೇಡ.

ಫ್ಲಾಟೋ, ಸ್ವಂತ ಮನೆಯೋ, ಬಾಡಿಗೆಯೋ, ಕೊಳ್ಳುವುದೋ

ಫ್ಲಾಟಿನ ವಿಷಯದಲ್ಲಿ ನೋಡಬೇಕಾದ್ದು ಅಸೋಸಿಯೇಷನ್ನಿನ ಲೆಕ್ಕಪುಸ್ತಕ. ನೀರಿನ ಎದುರಿನ ಕಟ್ಟಡಕ್ಕೆ ಹೊರಗೋಡೆ, ಟೆರೇಸ್, ಲಿಫ್ಟ್ ರಿಪೇರಿ ಬೇಗ ಬೇಗ ಬರುತ್ತದೆ. ಅದಕ್ಕೆ ತೆಗೆದಿಟ್ಟ ದುಡ್ಡು ಇದೆಯಾ? ಅರ್ಧಕ್ಕಿಂತ ಹೆಚ್ಚು ಫ್ಲಾಟು ದಿನಬಾಡಿಗೆಗೆ ಓಡುತ್ತಿದ್ದರೆ ರಿಪೇರಿಗೆ ಒಮ್ಮತ ಸಿಗುವುದು ಕಷ್ಟ, ಪಕ್ಕದ ಮನೆಯಲ್ಲಿ ವಾರಕ್ಕೊಂದು ಹೊಸ ಮುಖ.

ಸ್ವಂತ ಮನೆಯಲ್ಲಿ ಬಾವಿ, ಬೋರು ನೋಡಿ. ಕಡಲಿನ ಹತ್ತಿರ ನೆಲದ ಕೆಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿನೀರು ಇರುತ್ತದೆ ಅನ್ನುವುದು ಹಳೆಯ ಅಂದಾಜು ಸೂತ್ರ. ಇದೇ ಸೂತ್ರವನ್ನು ತಿರುಗಿಸಿ ಓದಿ: ಎಲ್ಲರೂ ಎತ್ತಿ ಎತ್ತಿ ಮೇಲಿನ ನೀರು ಅರ್ಧ ಮೀಟರ್ ಇಳಿದರೂ ಕೆಳಗಿನ ಉಪ್ಪು 20 ಮೀಟರ್ ಮೇಲಕ್ಕೆ ಬರಬಹುದು. ಬೇಸಿಗೆಯ ಕೊನೆಯಲ್ಲಿ ನೀರು ಬಾಯಿಗೆ ಹಾಕಿ ನೋಡಿ, ಆಮೇಲೆ ಪರೀಕ್ಷೆಗೂ ಕಳಿಸಿ. ಇನ್ನೊಂದು, ಹಲವು ಕಡೆ ನೀರಿನಿಂದ ಇಂತಿಷ್ಟು ದೂರ ಹೊಸ ಕಟ್ಟಡ ಕಟ್ಟುವಂತಿಲ್ಲ ಅಂತ ಕಾನೂನಿದೆ. ಹಳೆ ಮನೆ ನಿಂತಿರುತ್ತದೆ, ಒಡೆದರೆ ಮತ್ತೆ ಕಟ್ಟಲು ಬಿಡುವುದಿಲ್ಲ. ಒಡೆದು ಕಟ್ಟುವ ಆಸೆಯಿಂದ ಹಳೆ ಮನೆ ಕೊಳ್ಳುವವರು ಇದನ್ನು ಬರಹದಲ್ಲಿ ಖಚಿತ ಮಾಡಿಕೊಳ್ಳಲಿ.

ಬಾಡಿಗೆ ಅಥವಾ ಕೊಳ್ಳುವುದು? ಹೊರಗಿನಿಂದ ಬರುವವರಿಗೆ ನನ್ನ ಉತ್ತರ ಬದಲಾಗುವುದಿಲ್ಲ: ಮೊದಲು ಬಾಡಿಗೆ, ಅದೂ ಒಂದು ಪೂರ್ತಿ ವರ್ಷ. ಎಲ್ಲ ಋತು ಒಮ್ಮೆ ಕಳೆಯಬೇಕು. ರಜೆಯಲ್ಲಿ ಊರು ನಿಮಗೆ ಸಮಯ ಕೊಡುತ್ತದೆ. ಸಂಸಾರ ಹೂಡಿದ ಮೇಲೆ ಆಸ್ಪತ್ರೆ, ಶಾಲೆ, ಕರೆಂಟು, ಇಂಟರ್‌ನೆಟ್ಟು ಎಲ್ಲ ಲೆಕ್ಕಕ್ಕೆ ಬರುತ್ತವೆ. ಬಾಡಿಗೆ ಮನೆಯನ್ನು ಮೊದಲ ಸಾಲಿನಲ್ಲೇ ಹಿಡಿಯಿರಿ. ಆಸೆ ಇದ್ದರೆ ಅಲ್ಲೇ ತೀರಲಿ, ತುಕ್ಕಿನ ಖರ್ಚು ಮಾಲೀಕರದ್ದು! ವರ್ಷ ಕಳೆದ ಮೇಲೆ ಎಷ್ಟು ಸಲ ಬಾಲ್ಕನಿಯಲ್ಲಿ ಕೂತಿರಿ, ಎಷ್ಟು ಸಲ ದಂಡೆಗೆ ನಡೆದಿರಿ ಅಂತ ನೋಡಿಕೊಳ್ಳಿ. ಬಾಲ್ಕನಿ ಗೆದ್ದರೆ ಮೊದಲ ಸಾಲು ಕೊಳ್ಳಿ. ನಡಿಗೆ ಗೆದ್ದರೆ ಹಿಂದಿನ ಬೀದಿ.

ನೋಡುವ ಹೊತ್ತು, ಕೇಳುವ ಮಾತು

ಊರು ಅತಿ ಚೆಂದ ಕಾಣುವ ತಿಂಗಳಲ್ಲಿ ಬಂದು ಅಡ್ವಾನ್ಸ್ ಕೊಡಬೇಡಿ. ಪ್ರವಾಸಿಗಳಿಲ್ಲದ ತಿಂಗಳಲ್ಲಿ, ವಾರದ ನಡುವಿನ ದಿನ, ರಾತ್ರಿ ಎಂಟರ ಮೇಲೆ ಆ ಬೀದಿಯಲ್ಲಿ ಒಮ್ಮೆ ನಡೆಯಿರಿ. ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ? ಯಾವ ಅಂಗಡಿ ತೆರೆದಿದೆ? ಈ ಎರಡಕ್ಕೆ ಸಿಗುವ ಉತ್ತರ ನನ್ನಂಥವರ ಹತ್ತು ಮಾತಿಗಿಂತ ಮೇಲು. ಜೋರು ಮಳೆಯ ಮರುದಿನವೂ ಬನ್ನಿ. ನೀರು ಎಲ್ಲಿ ನಿಂತಿದೆ, ಕಾಂಪೌಂಡಿನ ಮೇಲೆ ಹಳೆಯ ನೀರಿನ ಗೆರೆ ಎಷ್ಟು ಎತ್ತರದಲ್ಲಿದೆ ನೋಡಿ. ಹೊಸ ಬಣ್ಣ ಗೋಡೆಯ ಅರ್ಧಕ್ಕೆ ಮಾತ್ರ ಹೊಡೆದಿದ್ದರೆ ಯಾಕೆ ಅಂತ ಕೇಳಿ.

ನೆರೆಹೊರೆಯವರನ್ನು “ಇಲ್ಲಿ ನೀರು ನುಗ್ಗುತ್ತಾ?” ಅಂತ ನೇರ ಕೇಳಿದರೆ ಇಲ್ಲ ಅನ್ನುತ್ತಾರೆ, ಅವರಿಗೂ ಮನೆಯ ಬೆಲೆ ಉಳಿಯಬೇಕಲ್ಲ. “ಕೊನೆಯ ಸಲ ಫ್ರಿಜ್ಜನ್ನು ಮೇಲಿಟ್ಟಿದ್ದು ಯಾವಾಗ?” ಅಂತ ಕೇಳಿ. ವರ್ಷ ಸಮೇತ ಹೇಳುತ್ತಾರೆ.

ಏಜೆಂಟರನ್ನು ಕೇಳಬೇಕಾದ್ದು ಬೇರೆ. ಈ ಮನೆ ಎಷ್ಟು ಸಲ ಕೈ ಬದಲಾಗಿದೆ, ಹಿಂದಿನವರು ಎಷ್ಟು ವರ್ಷ ಇದ್ದರು, ಯಾವ ತಿಂಗಳಲ್ಲಿ ಖಾಲಿ ಮಾಡಿದರು? ಮೂರು ಜನ ಮಾಲೀಕರೂ ಮಳೆಗಾಲ ಅಥವಾ ಬಿರುಗಾಳಿಯ ತಿಂಗಳು ಮುಗಿದ ಕೂಡಲೇ ಮಾರಿದ್ದರೆ ಕಾರಣ ಹುಡುಕಬೇಕಿಲ್ಲ. ನೆರೆ, ಬಿರುಗಾಳಿಗೆ ವಿಮೆ ಸಿಗುತ್ತದಾ, ಎಷ್ಟಕ್ಕೆ ಅನ್ನುವುದನ್ನು ಮಾತ್ರ ನಮ್ಮನ್ನು ಕೇಳದೆ ವಿಮೆ ಕಂಪನಿಗೇ ಫೋನ್ ಮಾಡಿ ತಿಳಿದುಕೊಳ್ಳಿ. ಅವರು ಹೇಳುವ ಕಂತನ್ನು ಮನೆಯ ತಿಂಗಳ ಖರ್ಚಿಗೆ ಸೇರಿಸಿ ನೋಡಿ, ಆಮೇಲೆ ಅಡ್ವಾನ್ಸಿನ ಮಾತು.